ದಿಂಡು ಒಗೀಬ್ಯಾಡ್ರಿ

ಪುಣೆಯಲ್ಲಿ ಮಳೆ ಹಿಡಿದು ಇವತ್ತಿಗೆ ಐದು ದಿನ. ಬಟ್ಟೆ ಒಣಗುತ್ತಿಲ್ಲ, ಡಬ್ಬಿಯಲ್ಲಿನ ಉಪ್ಪು ನೀರೊಡೆದಿದೆ. ಇಂಥ ದಿನ ಸಂಜೆ ಆರಾಯಿತು ಅಂದರೆ ನನ್ನ ಮನಸ್ಸು ಒಂದು ಬಟ್ಟಲು ಬಿಸಿ ಕಾರ್ನ್ ಚೌಡರ್ ಕಡೆಗೇ ಹೋಗುತ್ತದೆ. ಮೆಕ್ಕೆಜೋಳ, ಆಲೂಗಡ್ಡೆ, ಹಾಲು ಹಾಕಿ ಮಾಡುವ ಮಂದ ಸೂಪು ಅದು. ಮನೆಯಲ್ಲಿ ಮಾಡಿದ ಚೌಡರ್.

ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಹೋದ ವಾರದ ಒಂದು ಊಟ ಬರೆಯಲೇಬೇಕು ಅನ್ನುವ ಹಾಗೆ ಮಾಡಿತು. ಗೆಳತಿಯ ಹುಟ್ಟುಹಬ್ಬಕ್ಕೆ ಇಲ್ಲಿನ ಒಂದು ರೆಸ್ಟೋರೆಂಟಿಗೆ ಹೋಗಿದ್ದೆವು. ಮೆನುವಿನಲ್ಲಿ ಕಾರ್ನ್ ಚೌಡರ್ ಇತ್ತು, 340 ರೂಪಾಯಿ. ಆಸೆಪಟ್ಟು ತರಿಸಿದೆ. ಬಂದದ್ದು ಬಿಳಿ ಅಂಟು. ಚಮಚ ಎತ್ತಿದರೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಕಾರ್ನ್‌ಫ್ಲೋರ್, ಕ್ರೀಮ್, ಚೀಸ್, ಮೇಲೆ ಹತ್ತು ಹನ್ನೆರಡು ಫ್ರೋಜನ್ ಕಾಳು. ಜೋಳದ ರುಚಿ ಮಾತ್ರ ಹುಡುಕಿದರೂ ಇಲ್ಲ. ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು ಬೇರೆ ಕಾರಣಕ್ಕೆ. ಜೊತೆಗಿದ್ದ ಮೂವರೂ ಚೌಡರ್ ತಿನ್ನುತ್ತಿದ್ದದ್ದು ಅದೇ ಮೊದಲು. "ಓ, ಚೌಡರ್ ಅಂದ್ರೆ ಇದಾ" ಅಂತ ಬಟ್ಟಲು ಪಕ್ಕಕ್ಕೆ ಸರಿಸಿದರು. ಅವರು ಇನ್ನು ಜನ್ಮದಲ್ಲಿ ಚೌಡರ್ ತರಿಸುವುದಿಲ್ಲ.

ಚೌಡರ್ ಮೊದಲಿಗೆ ದುಡಿಯುವ ಜನರ ಅಡುಗೆ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ, ನ್ಯೂ ಇಂಗ್ಲೆಂಡ್ ಅಂತಾರಲ್ಲ, ಅಲ್ಲಿನ ಮೀನುಗಾರರು ಒಂದೇ ದೊಡ್ಡ ಪಾತ್ರೆಯಲ್ಲಿ ಸಿಕ್ಕಿದ ಮೀನು, ಈರುಳ್ಳಿ, ಉಪ್ಪು ಹಚ್ಚಿಟ್ಟ ಹಂದಿಮಾಂಸ, ಹಡಗಿನ ಗಟ್ಟಿ ಬಿಸ್ಕತ್ತು ಎಲ್ಲ ಹಾಕಿ ಕುದಿಸುತ್ತಿದ್ದರು. ಅಂಥ ಪಾತ್ರೆಗೆ ಫ್ರೆಂಚಿನಲ್ಲಿ ಶೋದಿಯೇರ್ ಅನ್ನುತ್ತಾರೆ. ಚೌಡರ್ ಅನ್ನುವ ಹೆಸರು ಬಂದದ್ದು ಅದರಿಂದಲೇ ಅಂತ ಬಹಳ ಜನರ ಅಭಿಪ್ರಾಯ. ಆಲೂಗಡ್ಡೆ, ಹಾಲು ಆಮೇಲೆ ಸೇರಿಕೊಂಡವು. ಮೀನಿನ ಜಾಗಕ್ಕೆ ಜೋಳ ಬಂದರೆ ಕಾರ್ನ್ ಚೌಡರ್. ಮನೆಯಲ್ಲಿ ಏನಿದೆಯೋ ಅದರಲ್ಲೇ ಹೊಟ್ಟೆ ತುಂಬಿಸುವ ಅಡುಗೆ ಇದು. ಇದಕ್ಕೆ ಕ್ರೀಮು, ಚೀಸು ಸುರಿದು ದೊಡ್ಡಸ್ತಿಕೆ ತರಬೇಕಾಗಿಲ್ಲ.

ನಾನು ಹಾವೇರಿ ಜಿಲ್ಲೆಯವಳು. ನಮ್ಮ ಕಡೆ ಗೋವಿನ ಜೋಳ ಅಂತೀವಿ, ಮೈಸೂರು ಕಡೆಯವರು ಮುಸುಕಿನ ಜೋಳ ಅಂತಾರೆ. ಮಳೆಗಾಲದಲ್ಲಿ ಹಾವೇರಿ, ದಾವಣಗೆರೆ ಸುತ್ತ ಎತ್ತ ನೋಡಿದರೂ ಅದೇ ಹೊಲ. ಬೆಳೆದದ್ದು ಬಹುಪಾಲು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುತ್ತದೆ. ನಾವು ಎಳೆಯದಿದ್ದಾಗ ತೆನೆ ಸುಟ್ಟು ತಿನ್ನುತ್ತಿದ್ದೆವು, ಒಣಗಿದ ಮೇಲೆ ನುಚ್ಚು ಮಾಡುತ್ತಿದ್ದೆವು. ಕಾಳು ಬಿಡಿಸಿದ ದಿಂಡು ಒಲೆಗೆ. ಬಚ್ಚಲ ಹಂಡೆಯ ನೀರು ಕಾಯುತ್ತಿದ್ದದ್ದು ಅದರಲ್ಲೇ. ಹಾಗಾಗಿ ದಿಂಡು ಅಂದರೆ ಉರುವಲು ಅಂತಲೇ ನನ್ನ ತಲೆಯಲ್ಲಿ ಕೂತಿತ್ತು.

ಎರಡು ವರ್ಷದ ಹಿಂದೆ ಅವ್ವ ಪುಣೆಗೆ ಬಂದಿದ್ದಳು. ನಾನು ಚೌಡರ್‌ಗೆ ಅಂತ ಕಾಳು ಕೊಯ್ದುಕೊಂಡು ದಿಂಡುಗಳನ್ನು ಹಸಿ ಕಸದ ಬಕೆಟ್ಟಿಗೆ ಹಾಕುತ್ತಿದ್ದೆ. ಅವ್ವ ಒಂದನ್ನು ಎತ್ತಿಕೊಂಡಳು. "ಹಸೀ ದಿಂಡ ಯಾಕ ಒಗೀತೀ? ಚೀಪಿ ನೋಡು, ಇನ್ನೂ ಸಿಹಿ ಐತಿ" ಅಂದಳು. ಚೀಪಿದೆ. ಕಾಳಿನ ಬುಡದಲ್ಲಿ ಉಳಿದ ಹಾಲು, ದಿಂಡಿನೊಳಗಿನ ಸಿಹಿ, ಹೊಲದ ವಾಸನೆ, ಎಲ್ಲ ಅಲ್ಲೇ ಇತ್ತು. ಅಲ್ಲಿಯವರೆಗೆ ನಾನು ಅಂಗಡಿಯ ತರಕಾರಿ ಸ್ಟಾಕ್ ಕ್ಯೂಬ್, ಅಂದರೆ ಒಣ ಸಾರಿನ ಬಿಲ್ಲೆ, ಹಾಕಿ ಚೌಡರ್ ಮಾಡುತ್ತಿದ್ದೆ. ಅವತ್ತು ಆ ದಿಂಡುಗಳನ್ನು ತೊಳೆದು, ಮುರಿದು, ನೀರಿಗೆ ಹಾಕಿದೆ. ಅವತ್ತಿನಿಂದ ಕ್ಯೂಬಿನ ಡಬ್ಬಿ ತೆರೆದಿಲ್ಲ. ಅಮೆರಿಕದ ಮನೆಗಳಲ್ಲೂ ದಿಂಡು ಕುದಿಸಿಯೇ ಚೌಡರ್‌ನ ರಸ ತೆಗೆಯುವ ಪದ್ಧತಿ ಇದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಅವ್ವನಿಗೆ ಚೌಡರ್ ಅನ್ನುವ ಪದವೇ ಗೊತ್ತಿರಲಿಲ್ಲ. ಜೋಳ ಗೊತ್ತಿತ್ತು, ಅಷ್ಟೇ ಸಾಕಾಯಿತು.

ಇನ್ನು ತೆನೆ ಆರಿಸುವ ವಿಷಯ. ನಾನು ಪುಣೆಯ ಹಳೇ ತರಕಾರಿ ಮಾರ್ಕೆಟ್ಟು ಮಂಡೈಗೇ ಹೋಗುತ್ತೇನೆ. 1886ರಲ್ಲಿ ತೆರೆದ ಆ ಕಲ್ಲಿನ ಕಟ್ಟಡದ ಸುತ್ತ ಮಳೆಗಾಲದಲ್ಲಿ ತೆನೆಯ ರಾಶಿ ಬೀಳುತ್ತದೆ. ಸಿಪ್ಪೆ ಬಿಚ್ಚಿ ಪ್ಲಾಸ್ಟಿಕ್ ಸುತ್ತಿಟ್ಟ ತೆನೆ ತಗೋಬೇಡಿ. ಬಿಡಿಸಿದ ಕಾಳಿನ ಪ್ಯಾಕೆಟ್ಟಂತೂ ಬೇಡವೇ ಬೇಡ, ಅದರಲ್ಲಿ ದಿಂಡೇ ಇಲ್ಲವಲ್ಲ. ಮುಸುಕು ಹಸಿರಾಗಿರಬೇಕು, ತೊಟ್ಟಿನ ಕೊಯ್ದ ಜಾಗ ಇನ್ನೂ ಹಸಿಯಾಗಿರಬೇಕು. ತುದಿಯ ಮುಸುಕು ಸ್ವಲ್ಪ ಸರಿಸಿ ಒಂದು ಕಾಳಿಗೆ ಉಗುರು ಒತ್ತಿದರೆ ಹಾಲು ಚಿಮ್ಮಬೇಕು. ನಾನು ತೆನೆ ತಗೊಳ್ಳುವ ಅಂಗಡಿಯ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಇದಕ್ಕೆ ಬೈಯುವುದಿಲ್ಲ. "ಆಜಚಂಚ್ ಆಹೆ, ತಾಯಿ" ಅಂತ ತಾನೇ ಉಗುರು ಒತ್ತಿ ತೋರಿಸುತ್ತಾಳೆ. ಇವತ್ತಿನದೇ ಅಂತ. ಇವತ್ತಿನದೇ ಆಗಿರುವುದು ಮುಖ್ಯ. ತೆನೆ ಗಿಡದಿಂದ ಮುರಿದ ಗಳಿಗೆಯಿಂದ ಅದರ ಸಕ್ಕರೆ ಕಡಿಮೆಯಾಗುತ್ತಾ, ಪಿಷ್ಟವಾಗುತ್ತಾ ಹೋಗುತ್ತದೆ. ಸೆಖೆಯಲ್ಲಿ ಬೇಗ, ಫ್ರಿಜ್ಜಿನಲ್ಲಿ ನಿಧಾನ. ಈಗಿನ ಸೂಪರ್ ಸ್ವೀಟ್ ತಳಿಗಳು ಒಂದೆರಡು ದಿನ ತಡೆಯುತ್ತವೆ, ಆದರೂ ತಂದ ದಿನವೇ ಮಾಡಿದರೆ ಅದರ ರುಚಿಯೇ ಬೇರೆ.

ನಾಲ್ಕು ಜನಕ್ಕೆ ನಾಲ್ಕು ಸ್ವೀಟ್ ಕಾರ್ನ್ ಮತ್ತು ಒಂದು ಗಾವರಾನ್ ತೆನೆ ತಗೊಳ್ಳಿ. ಗಾವರಾನ್ ಅಂದರೆ ಇಲ್ಲಿಯವರ ಮಾತಿನಲ್ಲಿ ನಾಟಿ. ಅದು ಎಳೆಯದಿರಲಿ. ಈ ಒಂದು ತೆನೆಯನ್ನು ಯಾಕೆ ಸೇರಿಸುತ್ತೇನೆ ಅಂದರೆ, ಸ್ವೀಟ್ ಕಾರ್ನ್‌ನಲ್ಲಿ ಸಕ್ಕರೆ ಜಾಸ್ತಿ, ಪಿಷ್ಟ ಕಡಿಮೆ. ಬರೀ ಅದನ್ನೇ ಹಾಕಿದರೆ ಸಿಹಿ ಮುಂದಾಗಿ ಸಾರು ತೆಳ್ಳಗಾಗುತ್ತದೆ. ಆಗಲೇ ಜನ ಕಾರ್ನ್‌ಫ್ಲೋರ್ ಡಬ್ಬಿ ತೆಗೆಯುವುದು. ಅಂಗಡಿಯ ಬಿಳಿ ಕಾರ್ನ್‌ಫ್ಲೋರ್ ಅಂದರೆ ಜೋಳದಿಂದ ಬೇರೆ ಮಾಡಿದ ಪಿಷ್ಟ. ರುಚಿಯೆಲ್ಲ ತೊಳೆದು ಹೋಗಿರುತ್ತದೆ. ನಾಟಿ ತೆನೆಯಲ್ಲಿ ಪಿಷ್ಟವೂ ಇದೆ, ಜೋಳದ ರುಚಿಯೂ ಇದೆ.

ಆ ನಾಟಿ ತೆನೆಯನ್ನು ನಾನು ಸುಡುತ್ತೇನೆ. ಗ್ಯಾಸಿನ ಉರಿಯ ಮೇಲೇ, ತಿರುಗಿಸುತ್ತಾ, ಅಲ್ಲಲ್ಲಿ ಕಪ್ಪಾಗುವ ತನಕ. ಮೂಲದ ಅಡುಗೆಯಲ್ಲಿ ಉಪ್ಪಿನ ಹಂದಿಮಾಂಸ, ಇಲ್ಲದಿದ್ದರೆ ಹೊಗೆ ಹಾಕಿದ ಹಂದಿಮಾಂಸ, ಅಂದರೆ ಬೇಕನ್ ಇರುತ್ತದೆ. ಬೇಕನ್ ಹಾಕಿದರೆ ಹೊಗೆಯ ವಾಸನೆ ಬರುತ್ತದೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಅದಕ್ಕೆ ಏನು ಮಾಡಲಿ ಅಂತ ಯೋಚಿಸುತ್ತಿದ್ದಾಗ ಒಂದು ಭಾನುವಾರ ಪುಣೆ ಹತ್ತಿರದ ಬೆಟ್ಟದ ಕೋಟೆ ಸಿಂಹಗಡಕ್ಕೆ ಹೋಗಿದ್ದೆವು. ಮಂಜಿನಲ್ಲಿ ಇದ್ದಿಲ ಮೇಲೆ ತೆನೆ ಸುಡುತ್ತಿದ್ದರು. ನಿಂಬೆ, ಉಪ್ಪು, ಖಾರ ಉಜ್ಜಿ ಕೈಗೆ ಕೊಟ್ಟರು. ಮೊದಲ ಸಾಲು ಕಚ್ಚಿದಾಗಲೇ ಗೊತ್ತಾಯಿತು, ನನಗೆ ಬೇಕಾದ ಹೊಗೆ ಇದೇ ಅಂತ. ಇದ್ದಿಲಿದ್ದರೆ ಇನ್ನೂ ಚೆನ್ನ, ಆದರೆ ಫ್ಲಾಟಿನಲ್ಲಿ ಗ್ಯಾಸಿನ ಉರಿಯೇ ಸಾಕು.

ಮಾಡುವುದು ಹೀಗೆ. ತೆನೆಯನ್ನು ಅಗಲ ಬೋಗುಣಿಯಲ್ಲಿ ನಿಲ್ಲಿಸಿ ಚಾಕುವಿನಿಂದ ಮೇಲಿಂದ ಕೆಳಗೆ ಕಾಳು ಕೊಯ್ಯಿರಿ. ಆಮೇಲೆ ಚಾಕುವಿನ ಬೆನ್ನಿನಿಂದ ದಿಂಡನ್ನು ಒತ್ತಿ ಕೆರೆಯಿರಿ. ದಪ್ಪ ಹಾಲು ಇಳಿಯುತ್ತದೆ, ಅದನ್ನು ಕಾಳಿನ ಜೊತೆಗೇ ಇಟ್ಟುಕೊಳ್ಳಿ. ಐದೂ ದಿಂಡು ಮುರಿದು ಆರು ಲೋಟ ನೀರಿಗೆ ಹಾಕಿ. ಒಂದು ಪಲಾವ್ ಎಲೆ, ಹತ್ತು ಕಾಳುಮೆಣಸು, ಅರ್ಧ ಈರುಳ್ಳಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕುಕ್ಕರಿನಲ್ಲಿ ಬೇಗ ಆಗುತ್ತದೆ ನಿಜ, ನಾನೂ ಮಾಡಿ ನೋಡಿದ್ದೇನೆ. ಆದರೆ ತೆರೆದ ಪಾತ್ರೆಯಲ್ಲಿ ನಿಧಾನಕ್ಕೆ ಕುದ್ದ ರಸದ ತಿಳಿ ಅದರಲ್ಲಿ ಬರುವುದಿಲ್ಲ. ಅರ್ಧ ಗಂಟೆಗೆಲ್ಲ ಮನೆ ತುಂಬ ವಾಸನೆ. ರಸ ಎಳೆ ಹಳದಿಗೆ ತಿರುಗುತ್ತದೆ. ಸೋಸಿ ಒಂದು ಚಮಚ ಕುಡಿದು ನೋಡಿ. ಉಪ್ಪು ಹಾಕದೆಯೇ ರುಚಿ ಇರುತ್ತದೆ.

ಇನ್ನೊಂದು ಪಾತ್ರೆಯಲ್ಲಿ ಎರಡು ಚಮಚ ಬೆಣ್ಣೆ, ಒಂದು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿದ್ದು. ಕೆಂಪಾಗಬಾರದು, ಮೆತ್ತಗಾದರೆ ಸಾಕು. ಸೆಲರಿ ಸಿಕ್ಕರೆ ಒಂದು ದಂಟು. ಎರಡು ಆಲೂಗಡ್ಡೆ, ಬೆರಳ ತುದಿಯಷ್ಟು ಹೋಳು. ಸೋಸಿದ ರಸ ಹಾಕಿ ಆಲೂಗಡ್ಡೆ ಮುಕ್ಕಾಲು ಬೇಯುವ ತನಕ ಬಿಡಿ, ಆಮೇಲೆ ಕಾಳು ಹಾಕಿ ಇನ್ನೊಂದು ಆರೇಳು ನಿಮಿಷ. ಈಗ ಮೂರರಲ್ಲಿ ಒಂದು ಪಾಲು ತೆಗೆದು, ಆರಿಸಿ, ಮಿಕ್ಸಿಗೆ ಹಾಕಿ ರುಬ್ಬಿ ಮತ್ತೆ ಸುರಿಯಿರಿ. ಪಾತ್ರೆಯ ಬಣ್ಣ, ಮಂದ ಎರಡೂ ಕಣ್ಣೆದುರೇ ಬದಲಾಗುತ್ತವೆ. ಕಾರ್ನ್‌ಫ್ಲೋರ್ ಬೇಕು ಅಂತ ಆಮೇಲೆ ಯಾರೂ ಅನ್ನುವುದಿಲ್ಲ. ಅಮೆರಿಕದ ರೆಸಿಪಿ ನೋಡಿ ಮಾಡುವವರಿಗೆ ಒಂದು ಮಾತು. ಅವರು ಕಾರ್ನ್‌ಸ್ಟಾರ್ಚ್ ಅನ್ನುವುದು ನಮ್ಮ ಕಾರ್ನ್‌ಫ್ಲೋರ್. ಅವರ ಕಾರ್ನ್‌ಫ್ಲೋರ್ ಅಂದರೆ ಬೀಸಿದ ಜೋಳದ ಹಿಟ್ಟು.

ಹಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಕೆಡುವುದು ಅಲ್ಲೇ. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರ ಆಫೀಸಿನವರು ಊಟಕ್ಕೆ ಬಂದಿದ್ದರು. ಬಣ್ಣ ಚೆನ್ನಾಗಿ ಬರಲಿ ಅಂತ ಒಂದು ಟೊಮೇಟೊ ಹಾಕಿದ್ದೆ. ಕೊತಕೊತ ಕುದಿಯುತ್ತಿದ್ದ ಪಾತ್ರೆಗೆ ಫ್ರಿಜ್ಜಿನಿಂದ ತೆಗೆದ ಹಾಲು ಸುರಿದೆ. ಒಂದೇ ನಿಮಿಷ. ಹಾಲು ಒಡೆದು ಬಿಳಿ ಚೂರು ತೇಲಿದವು. ಬಾಗಿಲಲ್ಲಿ ಅತಿಥಿಗಳು. ಆ ಹೊತ್ತಿನ ಕಣ್ಣೀರು ನನಗೆ ಇನ್ನೂ ನೆನಪಿದೆ. ಟೊಮೇಟೊದ ಹುಳಿ ಒಂದು ಕಡೆ, ಜೋರು ಉರಿ ಇನ್ನೊಂದು ಕಡೆ, ಹಾಲು ಉಳಿಯುವುದಾದರೂ ಹೇಗೆ? ಅಮೆರಿಕದಲ್ಲೂ ಚೌಡರ್‌ಗೆ ಟೊಮೇಟೊ ಹಾಕಬೇಕೋ ಬೇಡವೋ ಅಂತ ದೊಡ್ಡ ಜಗಳವೇ ಇದೆ. 1939ರಲ್ಲಿ ಮೇನ್ ರಾಜ್ಯದ ಒಬ್ಬ ಶಾಸಕರು ಚಿಪ್ಪುಮೀನಿನ ಚೌಡರ್‌ಗೆ ಟೊಮೇಟೊ ಹಾಕುವುದನ್ನು ನಿಷೇಧಿಸಬೇಕು ಅಂತ ಮಸೂದೆ ತಂದಿದ್ದರಂತೆ. ನಾನಂತೂ ಅವರ ಪಕ್ಷ.

ಉರಿ ಪೂರ್ತಿ ಸಣ್ಣ ಮಾಡಿ. ಹಾಲು ಬೇರೆ ಕಡೆ ಬೆಚ್ಚಗೆ ಮಾಡಿಕೊಂಡು, ಎರಡು ಲೋಟ, ನಿಧಾನಕ್ಕೆ ಹಾಕಿ. ಹಾಲು ಬಿದ್ದ ಮೇಲೆ ಕುದಿಸಲೇಬೇಡಿ, ಅಂಚಿನಲ್ಲಿ ಸಣ್ಣ ಗುಳ್ಳೆ ಬಂದರೆ ಇಳಿಸಿ. ಎಮ್ಮೆ ಹಾಲಿದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಫುಲ್ ಕ್ರೀಮ್ ಪ್ಯಾಕೆಟ್, ಅದರಲ್ಲಿ ಶೇ 6ರಷ್ಟು ಕೊಬ್ಬು ಇರುತ್ತದೆ. ಟೋನ್ಡ್ ಹಾಲಿನಲ್ಲಿ ಶೇ 3 ಅಷ್ಟೇ. ನಮ್ಮ ಹಾಲೇ ಇಷ್ಟು ಗಟ್ಟಿ ಇರುವಾಗ ಮೇಲೆ ಕ್ರೀಮ್ ಯಾಕೆ ಅಲ್ವಾ?

ಅಮೆರಿಕದವರು ಚೌಡರ್‌ಗೆ ಥೈಮ್ ಅನ್ನುವ ಪರಿಮಳದ ಎಲೆ ಹಾಕುತ್ತಾರೆ. ನನ್ನ ಬಾಲ್ಕನಿಯಲ್ಲಿ ದೊಡ್ಡಪತ್ರೆ ಇದೆ. ಒಂದೇ ಒಂದು ಎಲೆ ಹರಿದು ಕೊನೆಯಲ್ಲಿ ಹಾಕುತ್ತೇನೆ. ಎರಡರ ಪರಿಮಳಕ್ಕೂ ಕಾರಣವಾದ ಎಣ್ಣೆಯ ಅಂಶ ಹೆಚ್ಚುಕಡಿಮೆ ಒಂದೇ ಜಾತಿಯದು, ಅದಕ್ಕೇ ಹೊಂದುತ್ತದೆ. ಎರಡು ಎಲೆ ಹಾಕಿದರೆ ಕಷಾಯ ಕುಡಿದ ಹಾಗಾಗುತ್ತದೆ. ಸುಟ್ಟ ನಾಟಿ ತೆನೆಯ ಕಾಳಿನಲ್ಲಿ ಒಂದು ಹಿಡಿ ತೆಗೆದಿಟ್ಟುಕೊಂಡು ಬಡಿಸುವಾಗ ಮೇಲೆ ಉದುರಿಸಿ, ಜೊತೆಗೆ ಆಗಷ್ಟೇ ಕುಟ್ಟಿದ ಮೆಣಸು.

ಪಕ್ಕದ ಮನೆಯ ಕಾಕು ಒಮ್ಮೆ ಕೇಳಿದರು, ಇಷ್ಟು ಕಷ್ಟಪಟ್ಟು ಪರದೇಶದ ಅಡುಗೆ ಯಾಕೆ, ಪಿಠಲೆ ಭಾಕರಿ, ಅಂದರೆ ಕಡಲೆಹಿಟ್ಟಿನ ಪಲ್ಯ ಮತ್ತು ರೊಟ್ಟಿ, ಮಾಡಬಾರದೇ ಅಂತ. ಪಿಠಲೆ ನನಗೂ ಇಷ್ಟ. ಆದರೆ ಪರದೇಶ ಅನ್ನುವ ಲೆಕ್ಕ ಹಿಡಿದರೆ ಈ ಗೋವಿನ ಜೋಳವೇ ಸುಮಾರು 9000 ವರ್ಷದ ಹಿಂದೆ ಮೆಕ್ಸಿಕೋದಲ್ಲಿ ಪಳಗಿದ ಬೆಳೆ. ಕಾಕು ದಿನಾ ಪಲ್ಯ ಮಾಡುವ ಬಟಾಟಾ ಆಂಡಿಸ್ ಬೆಟ್ಟದ್ದು, ಆ ಹೆಸರು ಪೋರ್ಚುಗೀಸರು ತಂದದ್ದು. ಪಿಠಲೆಯ ಮೆಣಸಿನಕಾಯಿಯೂ ಅಮೆರಿಕ ಖಂಡಗಳ ಕಡೆಯಿಂದಲೇ ಬಂದದ್ದು. ಕಾಕುಗೆ ಇದನ್ನೆಲ್ಲ ಹೇಳುವ ಬದಲು ಒಂದು ಬಟ್ಟಲು ಚೌಡರ್ ಕೊಟ್ಟು ಬಂದೆ. ಬಟ್ಟಲು ವಾಪಸ್ ಬರುವಾಗ ಅದರಲ್ಲಿ ಎರಡು ತೆನೆ ಇದ್ದವು.

ಅವ್ವನ ವಿಷಯ ಅರ್ಧಕ್ಕೇ ಬಿಟ್ಟೆ. ಅವತ್ತು ದಿಂಡಿನ ರಸದ ಚೌಡರ್ ಬಡಿಸಿದಾಗ ಮೊದಲು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದಳು. ಒಂದು ಚಮಚ ಬಾಯಿಗಿಟ್ಟು, "ನುಚ್ಚಿಗೆ ಹಾಲು ಹಾಕಿ ಉಂಡಂಗ ಐತಿ" ಅಂದಳು. ಆಮೇಲೆ ಎದ್ದು ತನ್ನ ಚೀಲದಿಂದ ಊರಿನ ಖಡಕ್ ರೊಟ್ಟಿ ತಂದು, ಮುರಿದು ಬಟ್ಟಲಿಗೆ ಹಾಕಿ, ಚಮಚದಿಂದ ಒತ್ತಿ, ಮೆತ್ತಗಾಗಲಿ ಅಂತ ಕಾದು ಕೂತಳು. ನ್ಯೂ ಇಂಗ್ಲೆಂಡಿನ ಮೀನುಗಾರರು ಗಟ್ಟಿ ಬಿಸ್ಕತ್ತು ಮುರಿದು ಹಾಕುತ್ತಿದ್ದದ್ದೂ ಹೀಗೇ. ನಾನು ಸುಮ್ನೆ ನೋಡುತ್ತಾ ನಿಂತೆ. ಆಮೇಲೆ ನನ್ನ ಬಟ್ಟಲಿಗೂ ಒಂದು ರೊಟ್ಟಿ ಮುರಿದೆ.

ಈ ಸಲ ಅವ್ವ ಬರಲಿಲ್ಲ, ಮಂಡಿ ನೋವು. ಖಡಕ್ ರೊಟ್ಟಿಯ ಡಬ್ಬಿ ಮಾತ್ರ ಬಸ್ಸಿಗೆ ಹಾಕಿ ಕಳಿಸಿದ್ದಾಳೆ. ಬೆಳಗ್ಗೆ ಫೋನ್ ಮಾಡಿದಾಗ ಅವಳು ಮೊದಲು ಕೇಳಿದ್ದು, "ತೆನಿ ಬಂದಾವೇನ ಮಾರ್ಕೆಟ್ಟಿಗೆ?" ಅಂತ. ಬಂದಾವ ಅವ್ವಾ ಅಂದೆ. ಒಲೆಯ ಮೇಲೆ ದಿಂಡು ಕುದಿಯುತ್ತಿದೆ, ಇನ್ನು ಹತ್ತು ನಿಮಿಷಕ್ಕೆ ಸೋಸಬೇಕು.