ಇಲಿಯ ಹೆಜ್ಜೆಗೆ ಯಾವ ಸದ್ದು?

ಚಿತ್ರವಾಗಿ ಬರೆದ ಇಲಿ ಹುಟ್ಟುಮೂಗ. ಕ್ಯಾಮೆರಾ ಹಿಡಿದು ತೆಗೆದ ಚಿತ್ರಕ್ಕಾದರೆ ಬೇಡವೆಂದರೂ ಸದ್ದುಗಳು ಬಂದು ಸೇರುತ್ತವೆ: ಪಕ್ಕದ ಮನೆಯ ಕುಕ್ಕರು, ಸೊಪ್ಪು ಮಾರುವವಳ ಕೂಗು, ಯಾರದೋ ಕೆಮ್ಮು. ಅನಿಮೇಶನ್‌ನಲ್ಲಿ ಯಾವುದೂ ಪುಕ್ಕಟೆ ಸಿಗುವುದಿಲ್ಲ. ಕೊಬ್ಬರಿ ಗಿಟುಕು ಕದಿಯುವ ಇಲಿಯೊಂದನ್ನು ಮಗಳು ಲ್ಯಾಪ್‌ಟಾಪಿನಲ್ಲಿ ಓಡಾಡಿಸಿದ್ದಳು. ಚೆನ್ನಾಗಿಯೇ ಇತ್ತು. ಆದರೆ ಇಲಿಗೆ ತೂಕವಿಲ್ಲ, ಶೆಲ್ಫಿನಿಂದ ಉರುಳಿದ ಸ್ಟೀಲ್ ಡಬ್ಬಿಗೂ ಇಲ್ಲ.

“ಅಮ್ಮಾ, ಸೌಂಡ್ ಹಾಕಬೇಕು. ಅಡುಗೆಮನೆ ಬಿಟ್ಟುಕೊಡು” ಅಂದಳು.

ಮಳೆಯನ್ನು ಫೋನಿನಲ್ಲಿ ಹಿಡಿದರೆ ಬರೀ ಜುಯ್ ಎಂಬ ಗದ್ದಲ. ಮೊರದಲ್ಲಿ ಅಕ್ಕಿ ಆಡಿಸಿದ್ದೇ ತಡ, ಸೋನೆ ಹಿಡಿಯಿತು! ಬೆಂಕಿಗೆ ಚಿಪ್ಸ್ ಪೊಟ್ಟಣ ಹಿಸುಕಬೇಕು, ಕುದುರೆಗೆ ತೆಂಗಿನ ಚಿಪ್ಪು, ಹಿಮದ ಮೇಲಿನ ನಡಿಗೆಗೆ ಕಾರ್ನ್‌ಫ್ಲೋರ್ ತುಂಬಿದ ಚೀಲ. ತಗಡು ಅಲ್ಲಾಡಿಸಿ ಗುಡುಗು ಬರಿಸುತ್ತಿದ್ದ ನಾಟಕದವರದೂ ಇದೇ ವಿದ್ಯೆ. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊದಲ್ಲಿ ಸಿನಿಮಾಗಳಿಗೆ ಹೀಗೆ ಸದ್ದು ಕೂಡಿಸುತ್ತಿದ್ದ ಜಾಕ್ ಫೋಲಿಯ ಹೆಸರೇ ಈ ಕಸುಬಿಗೆ ‘ಫೋಲಿ’ ಎಂದು ನಿಂತಿದೆ. ನಿಜವಾದ ಇಲಿ ನಡೆದರೆ ಸದ್ದೇ ಆಗುವುದಿಲ್ಲ, ಅದಕ್ಕೇ ಅದು ಇಷ್ಟು ಕೊಬ್ಬರಿ ತಿಂದಿರುವುದು. ಚಿತ್ರದ ಇಲಿಗೆ ಆ ಸೌಲಭ್ಯವಿಲ್ಲ. ಮಣೆಯ ಮೇಲೆ ಉಗುರು ಕುಟ್ಟಿ ಹೆಜ್ಜೆ ಕೊಟ್ಟೆವು. ನೆಲದ ಮೇಲೆ ಗಿಟುಕು ಎಳೆದದ್ದೊಂದೇ ಇದ್ದದ್ದು ಇದ್ದ ಹಾಗೆ ಒಪ್ಪಿಗೆಯಾಯಿತು.

ಸದ್ದು ಸಿಕ್ಕಿದರೆ ಸಾಲದು, ಅದರ ಜಾಗ ಸಿಗಬೇಕು. ಸೆಕೆಂಡಿಗೆ 24 ಚಿತ್ರ ಓಡುವಲ್ಲಿ ಡಬ್ಬಿ ಬೀಳುವುದಕ್ಕಿಂತ ಮೂರು ಚಿತ್ರ ಮೊದಲೇ ಢಣ್ ಎಂದರೆ ಎಂಥವರಿಗೂ ಕಸಿವಿಸಿ. ಅಷ್ಟೇ ತಡವಾದರೆ ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಕಾರಣ ಗೊತ್ತು: ಬಟ್ಟೆ ಕಲ್ಲಿಗೆ ಬಡಿದು ಮತ್ತೆ ಮೇಲೇಳುವ ಹೊತ್ತಿಗೆ ಸದ್ದು ಬರುತ್ತದೆ. ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುವ ಸದ್ದು ಬೆಳಕಿನ ಹಿಂದೆ ಬರುವುದೇ ಲೋಕರೂಢಿ. ಮುಂದೆ ಬಂದರೆ ಮನಸ್ಸು ಒಪ್ಪದು.

ಎಲ್ಲಕ್ಕಿಂತ ಸತಾಯಿಸಿದ್ದು ಮೌನ. ಬೆಕ್ಕು ಬಂತೇನೋ ಎಂದು ಇಲಿ ಒಂದು ಗಳಿಗೆ ಗಕ್ಕನೆ ನಿಲ್ಲುತ್ತದೆ. ಅಲ್ಲಿ ಏನೂ ಹಾಕದಿದ್ದರೆ ನೋಡುವವರು ಸ್ಪೀಕರ್ ಕೆಟ್ಟಿತೆಂದುಕೊಳ್ಳುತ್ತಾರೆ. ಹಾಗಾಗಿ ಖಾಲಿ ಅಡುಗೆಮನೆಯ ಸದ್ದನ್ನೂ ರೆಕಾರ್ಡ್ ಮಾಡಬೇಕು: ಫ್ರಿಜ್ಜಿನ ಗುಂಯ್, ದೂರದ ರಸ್ತೆ. ಮನೆಮಂದಿಯ ಬಾಯಿ ಮುಚ್ಚಿಸಿ ಕೂತರೆ ಎದುರು ಮನೆಯ ಮಿಕ್ಸಿ ಶುರು. ಚಟ್ನಿ ಮುಗಿಯುವವರೆಗೆ ಕಾದೆವು.

ಕೊನೆಗೆ ಉಳಿದದ್ದು ಇಲಿಯ ಕೂಗು. ಮಿಕಿ ಮೌಸ್‌ಗೆ ಬಹುಕಾಲ ದನಿ ಕೊಟ್ಟವನು ಸ್ವತಃ ವಾಲ್ಟ್ ಡಿಸ್ನಿ. ನಮ್ಮ ಇಲಿಗೆ ಉಗ್ರಾಣದ ಬಾಗಿಲ ಕೀಲು. ಮೆಲ್ಲಗೆ ಎಳೆದರೆ ಗೋಳು, ಫಕ್ಕನೆ ಎಳೆದರೆ ಕುಚೇಷ್ಟೆ, ಎಂಥ ನಟನೆ! ಆ ಕೀಲಿಗೆ ಎಣ್ಣೆ ಬಿಡಿ ಎಂದು ನಾನು ಗೊಣಗುತ್ತಲೇ ಬಂದಿದ್ದೆ. ಯಜಮಾನರು ಎಣ್ಣೆ ಹಿಡಿದು ಪ್ರತ್ಯಕ್ಷರಾದದ್ದು ಅಂದೇ.

“ಅಪ್ಪಾ, ಇನ್ನೊಂದು ಟೇಕ್ ಇದೆ!” ಎಂದು ಮಗಳು ಬಾಗಿಲಿಗೆ ಅಡ್ಡ ನಿಂತಳು.