ಸಾದಾ ಮನುಷ್ಯನಿಗೆ ಗೇಮ್ ಒಳಗೂ ಜಾಗ ಇಲ್ವಾ ಮಾರ್ರೆ?

ನಿನ್ನೆ ಉಡುಪಿಯ ಕುಂಜಿಬೆಟ್ಟಿಗೆ, ಅಕ್ಕನ ಮನೆಗೆ ಹೋಗಿದ್ದೆ. ಊಟ ಆಗಿ ಎಲ್ಲರೂ ಮಲಗಿದ್ದರು. ಅಕ್ಕನ ಮಗ ಮಾತ್ರ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು, ಹೆಬ್ಬೆರಳಲ್ಲಿ ಫೋನ್ ತಿಕ್ಕುತ್ತಾ ಇದ್ದ. ಎಂಥ ಓದುವುದು ಅಂತ ಕೇಳಿದೆ. "ಕಾಮಿಕ್ಸ್ ಮಾಮ. ಗೇಮ್ ಒಳಗೆ ಸಿಕ್ಕಿಬಿದ್ದವನ ಕತೆ" ಅಂದ.

ನನಗೆ ಖುಷಿಯೋ ಖುಷಿ. ಯಾಕೆಂದರೆ ಈಗ ಕೆಲವು ರಾತ್ರಿಗಳಿಂದ ನಾನು ಓದುತ್ತಾ ಇರುವುದೂ ಅದೇ ಜಾತಿಯ ಕತೆ. 'ಕ್ಯಾಪ್ಟನ್ ಎಸ್‌ಎನ್‌ಇಎಸ್' ಅಂತ, 2001ರಲ್ಲಿ ಶುರುವಾದ ವೆಬ್‌ಕಾಮಿಕ್. ಅಲೆಕ್ಸ್ ಅನ್ನುವ ಒಬ್ಬ ಸಾದಾ ಗೇಮರ್. ಏಕಾಏಕಿ ವಿಡಿಯೋ ಗೇಮ್‌ಗಳ ಲೋಕಕ್ಕೆ ಹೋಗಿ ಬೀಳುತ್ತಾನೆ. ಅಷ್ಟೇ. ಅವನೇನು ಆರಿಸಿ ಬಂದ ಮಹಾಪುರುಷ ಅಲ್ಲ. ತೆರೆದು ಹುಡುಗನ ಕೈಗೆ ಕೊಟ್ಟೆ. ನಾಲ್ಕು ಪುಟ ನೋಡಿದ. ಐದನೆಯದಕ್ಕೆ ಕೇಳಿದ:

"ಇವನಿಗೆ ಎಂಥ ಪವರ್ ಮಾಮ?"

"ಪವರ್ ಇಲ್ಲ ಮಾರಾಯ. ನಮ್ಮ ಹಾಗೇ ಒಬ್ಬ."

"ಮತ್ತೆ ಓದುವುದು ಎಂಥಕ್ಕೆ?"

ಫೋನ್ ವಾಪಸ್ ಬಂತು. ಹುಡುಗ ತನ್ನ ಕತೆಗೆ ಹೋದ. ನಾನು ಸಂಜೆ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೊರಟೆ. ಕಟಪಾಡಿ ದಾಟಿತು, ಕಾಪು ದಾಟಿತು, ಪಡುಬಿದ್ರಿಯೂ ಹೋಯಿತು, ನಾನಿನ್ನೂ ಮನಸ್ಸಲ್ಲೇ ಅವನ ಜೊತೆ ಜಗಳ ಮಾಡುತ್ತಾ ಇದ್ದೆ. ಒಳ್ಳೆಯ ಉತ್ತರ ಹೊಳೆದದ್ದು ಮೂಲ್ಕಿಯಲ್ಲಿ. ಹದಿನಾರರ ಹುಡುಗನಿಗೆ ವಾಟ್ಸಾಪ್‌ನಲ್ಲಿ ಅಷ್ಟುದ್ದ ಬರೆದರೆ ಓದುವುದಿಲ್ಲ. ಹಾಗಾಗಿ ನೀವು ಓದಿ.

ನನ್ನ ತಕರಾರು ಇಷ್ಟೇ. ಈಗ ಬರುವ ಈ "ಗೇಮ್ ಒಳಗೆ ಸಿಕ್ಕಿಬಿದ್ದ" ಕತೆಗಳಲ್ಲಿ ನಾಯಕ ಸಾಮಾನ್ಯ ಹುಡುಗ ಅಂತ ಮೊದಲ ಪುಟದಲ್ಲಿ ಹೇಳುತ್ತಾರೆ. ಹತ್ತನೇ ಕಂತಿಗೆ ಬರುವಾಗ ಅವನು ದೇವರು. ಹಾಗಾದರೆ ಸಾಮಾನ್ಯ ಅಂತ ಹೇಳಿದ್ದು ಯಾಕೆ?

ಉದಾಹರಣೆ ಬೇಕಾ? 'ಸ್ವೋರ್ಡ್ ಆರ್ಟ್ ಆನ್‌ಲೈನ್' ತಗೊಳ್ಳಿ. 2012ರಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಆಗಿ ಬಂದ ಮೇಲೆ ಇಂಥ ಕತೆಗಳ ಹುಚ್ಚು ಹಿಡಿಸಿದ್ದೇ ಅದು. ಹತ್ತು ಸಾವಿರ ಜನ ಒಂದು ಗೇಮ್ ಒಳಗೆ ಸಿಕ್ಕಿಬೀಳುತ್ತಾರೆ. ಅಲ್ಲಿ ಸತ್ತರೆ ಇಲ್ಲಿಯೂ ಸತ್ತ ಹಾಗೆ. ಎಷ್ಟು ಒಳ್ಳೆಯ ಕತೆ! ಹತ್ತು ಸಾವಿರದಲ್ಲಿ ಎಷ್ಟು ಜನ ಹೆದರಿ ಊರು ಬಿಟ್ಟು ಹೊರಗೇ ಹೋಗಲಿಕ್ಕಿಲ್ಲ, ಯಾರು ಅಲ್ಲಿಯೇ ಒಂದು ಗೂಡಂಗಡಿ ಹಾಕಿಯಾರು ಅಂತೆಲ್ಲ ನನಗೆ ಆಸೆ. ನಾಯಕ ಕಿರಿಟೋ ಯಾರು? ಗೇಮ್ ಬಿಡುಗಡೆಗೆ ಮೊದಲೇ ಆಡಿ ನೋಡಿದ ಬೀಟಾ ಟೆಸ್ಟರ್. ಎಲ್ಲರಿಗೂ ಪರೀಕ್ಷೆ, ಇವನಿಗೆ ಪ್ರಶ್ನೆಪತ್ರಿಕೆ ಮೊದಲೇ ಗೊತ್ತು. (ಕತೆಯೊಳಗೆ ಆ ಗೇಮ್ ಶುರುವಾಗುವುದು 2022ರ ನವೆಂಬರ್‌ನಲ್ಲಿ. ಆ ದಿನ ಬಂದು ಹೋಯಿತು, ನಮ್ಮಲ್ಲಿ ಇನ್ನೂ ಮಳೆ ಬಂದರೆ ಇಂಟರ್‌ನೆಟ್ ಹೋಗುತ್ತದೆ.)

ಇದು ಇವತ್ತಿನ ರೋಗವೂ ಅಲ್ಲ. 1982ರ 'ಟ್ರಾನ್' ಸಿನಿಮಾದಲ್ಲಿ ಕಂಪ್ಯೂಟರ್ ಒಳಗೆ ಬೀಳುವ ಫ್ಲಿನ್ ಆ ಗೇಮ್ ಬರೆದವನೇ. ಮತ್ತೆ ಕೊರಿಯಾದ 'ಸೋಲೋ ಲೆವೆಲಿಂಗ್' ಕಾಮಿಕ್ಸ್. ಅಲ್ಲಿ ಗೇಮ್ ಒಳಗೆ ಬೀಳುವುದಲ್ಲ, ಗೇಮೇ ಬಂದು ನಾಯಕನ ಕಣ್ಣೆದುರು ನಿಲ್ಲುತ್ತದೆ. ಮನುಷ್ಯರಲ್ಲೇ ಅತಿ ದುರ್ಬಲ ಬೇಟೆಗಾರ ಅಂತ ಶುರು. ಆಮೇಲೆ ಲೆವೆಲ್, ಲೆವೆಲ್, ಲೆವೆಲ್. ಚಿತ್ರ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದುರ್ಬಲ ಹುಡುಗನ ಮೇಲೆ ನನಗೆ ಪ್ರೀತಿ ಹುಟ್ಟುವಷ್ಟರಲ್ಲಿ ಅವನೇ ಇರಲಿಲ್ಲ. ಅವನ ಜಾಗದಲ್ಲಿ ಎತ್ತರದ, ಚೂಪು ಗಲ್ಲದ ಇನ್ಯಾರೋ ನಿಂತಿದ್ದ.

ಇದಕ್ಕೆ ಕಾರಣವೂ ಉಂಟು, ಸುಮ್ನೆ ಅಲ್ಲ. ಕೊರಿಯಾದ ವೆಬ್‌ಟೂನ್ ಫೋನ್‌ಗೇ ಹೊಲಿದ ಅಂಗಿ. ಪುಟ ತಿರುಗಿಸುವುದಿಲ್ಲ, ಮೇಲಿಂದ ಕೆಳಗೆ ಜಾರಿಸುತ್ತಾ ಹೋಗುವುದು. ವಾರಕ್ಕೊಂದು ಕಂತು. ಮುಂದಿನದ್ದು ಈಗಲೇ ಬೇಕಾ, ದುಡ್ಡು ಕೊಡು. ಇಲ್ಲವಾ, ಕಾಯಿ. ದುಡ್ಡು ಕೊಡುವವನಿಗೆ ಪ್ರತಿ ವಾರ ಏನಾದರೂ ಸಿಗಬೇಕಲ್ಲ. ನಾಯಕ ಈ ವಾರ ಹೆದರಿ ಕಲ್ಲಿನ ಹಿಂದೆ ಅಡಗಿ ಕೂತ, ಮುಂದಿನ ವಾರವೂ ಅಲ್ಲೇ ಕೂತಿದ್ದ ಅಂದರೆ ಯಾರು ಕೊಡುತ್ತಾರೆ?

ಅಲೆಕ್ಸ್‌ನ ಕಾಲದ ಕಾಮಿಕ್ಸ್‌ಗೆ ಈ ತಲೆಬಿಸಿ ಇರಲಿಲ್ಲ. ಅವನ್ನು ಸ್ಪ್ರೈಟ್ ಕಾಮಿಕ್ಸ್ ಅನ್ನುತ್ತಿದ್ದರು. ಚಿತ್ರ ಬರೆಯಲು ಬಾರದವರೂ ಮಾಡಬಹುದಿತ್ತು. ಹಳೆಯ ಗೇಮ್‌ಗಳಿಂದಲೇ ಆ ಪುಟ್ಟ ಚೌಕಚೌಕದ ಗೊಂಬೆಗಳನ್ನು ತೆಗೆದು, ಸಾಲಾಗಿ ನಿಲ್ಲಿಸಿ, ಬಾಯಿಗೆ ಮಾತಿನ ಗುಳ್ಳೆ ಅಂಟಿಸುವುದು. 2000ದಲ್ಲಿ 'ಬಾಬ್ ಆ್ಯಂಡ್ ಜಾರ್ಜ್' ಬಂತು, ಮರುವರ್ಷ 'ಎಯ್ಟ್ ಬಿಟ್ ಥಿಯೇಟರ್'. ಅದು 2010ರವರೆಗೆ ನಡೆಯಿತು. ಗೊಂಬೆಗಳು ಕಂಪನಿಯ ಸ್ವತ್ತು, ಹಾಗಾಗಿ ಮಾರುವ ಹಾಗಿಲ್ಲ. ಮಾರುವ ಹಾಗಿಲ್ಲದ ಮೇಲೆ ಯಾರನ್ನೂ ಮೆಚ್ಚಿಸಬೇಕಾಗಿಯೂ ಇಲ್ಲ. ಅದಕ್ಕೇ ಆ ಕತೆಗಳಲ್ಲಿ ಸಾದಾ ಮನುಷ್ಯರು ಬದುಕಿದರು. ನಿಜ, ಎಷ್ಟೋ ಕತೆಗಳು ಅರ್ಧಕ್ಕೇ ನಿಂತವು. ಅಲೆಕ್ಸ್‌ನ ಕತೆಯಲ್ಲೂ ಪುಟದಿಂದ ಪುಟಕ್ಕೆ ಉದ್ದುದ್ದ ಅಂತರ. ಬರೆಯುವವರಿಗೂ ಕೆಲಸ, ಮನೆ, ಜ್ವರ ಇರುತ್ತದೆ ಅಲ್ವಾ. ಅದೂ ನನಗೆ ಇಷ್ಟವೇ.

ಅಲೆಕ್ಸ್‌ಗೆ ಒಬ್ಬ ಅಣ್ಣ ಇದ್ದಾನೆ ಅನ್ನಬಹುದು. 1989ರಲ್ಲಿ ಅಮೆರಿಕದ ಟೀವಿಯಲ್ಲಿ 'ಕ್ಯಾಪ್ಟನ್ ಎನ್' ಅಂತ ಕಾರ್ಟೂನ್ ಬಂದಿತ್ತು. ಕ್ಯಾಲಿಫೋರ್ನಿಯಾದ ಕೆವಿನ್ ಅನ್ನುವ ಹುಡುಗನನ್ನು ಅವನ ನಾಯಿಯ ಸಮೇತ ಟೀವಿ ಒಳಗೆ ಎಳೆದುಕೊಳ್ಳುತ್ತದೆ. ಸೊಂಟಕ್ಕೆ ಗೇಮ್ ಕಂಟ್ರೋಲರ್ ಬೆಲ್ಟ್, ಕೈಯಲ್ಲಿ ಝ್ಯಾಪರ್ ಗನ್. ಪಾಸ್ ಬಟನ್ ಒತ್ತಿದರೆ ಲೋಕವೇ ನಿಲ್ಲುತ್ತದೆ! ಅಲೆಕ್ಸ್‌ನ ಕಾಮಿಕ್ಸ್ ಹುಟ್ಟಿದ್ದು ಆ ಕಾರ್ಟೂನ್‌ನ ಬೆನ್ನ ಮೇಲೆಯೇ. ಆದರೆ ನನಗೆ ಬೇಕಾದದ್ದು ಬೆಲ್ಟ್ ಇಲ್ಲದವ.

ಈಗ ನೀವು ಹೇಳುತ್ತೀರಿ, ಹೇಳಿಯೇ ಹೇಳುತ್ತೀರಿ: "ಇಡೀ ದಿನ ಆಫೀಸಲ್ಲಿ ಸೋತು ಸುಣ್ಣವಾಗಿ ಬಂದವನಿಗೆ ರಾತ್ರಿಯಾದರೂ ಗೆಲ್ಲುವ ಕತೆ ಬೇಡ್ವಾ?" ಬೇಕು. ಓದಿ. ಹನುಮಂತನ ಕತೆ ಓದಿ, ಭೀಮನ ಕತೆ ಓದಿ. ಅವರು ಹುಟ್ಟುವಾಗಲೇ ಬಲಶಾಲಿಗಳು, ನಮಗೆ ಮೋಸ ಇಲ್ಲ. "ಇವನು ನಿನ್ನ ಹಾಗೇ ಇದ್ದ, ಈಗ ನೋಡು ಹೇಗಾದ" ಅನ್ನುವ ಕತೆ ಉಂಟಲ್ಲ, ಅದನ್ನು ನಾನು ಬೇಕಾದಷ್ಟು ಕೇಳಿ ಆಗಿದೆ. ದೊಡ್ಡಪ್ಪನ ಬಾಯಲ್ಲಿ. ಅವರ ಮಗ ಬೋಸ್ಟನ್‌ನಲ್ಲಿ ಇರುವುದು ನಿಮಗೆಲ್ಲ ಗೊತ್ತೇ ಉಂಟು, ಗೊತ್ತಾಗದ ಹಾಗೆ ಅವರು ಬಿಟ್ಟದ್ದಾದರೂ ಯಾವಾಗ.

ಈ ಸಿಟ್ಟು ಕಾಮಿಕ್ಸ್ ಮೇಲೆ ಮಾತ್ರ ಅಲ್ಲ ಅಂತ ನಿಮಗೆ ಈಗ ಅಂದಾಜಾಗಿರಬಹುದು. ಹೌದು ಮಾರ್ರೆ. ನಾವಿರುವ ಊರು ಅಂಥದ್ದು. ಪಿಯುಸಿ ರಿಸಲ್ಟ್ ಬಂದರೆ ಮೊದಲ ಎರಡು ಜಾಗ ಉಡುಪಿ, ದಕ್ಷಿಣ ಕನ್ನಡ ಅಂತ ಬರೆದಿಟ್ಟ ಹಾಗೆ. ರಿಸಲ್ಟ್‌ನ ಮರುದಿನ ಮಂಗಳೂರಿನ ಪಂಪ್‌ವೆಲ್‌ನಿಂದ ಉಡುಪಿಯ ಕಲ್ಸಂಕದವರೆಗೆ ಫ್ಲೆಕ್ಸ್ ನೋಡಿ. ಅಂಚೆಚೀಟಿ ಗಾತ್ರದ ಮುಖಗಳು, ಕೆಳಗೆ ಅಂಕ. 590ರ ಮುಖ ದೊಡ್ಡದು, 575ರದ್ದು ಸಣ್ಣದು, ಅದಕ್ಕಿಂತ ಕೆಳಗಿನವರಿಗೆ ಮುಖವೇ ಇಲ್ಲ. ನನ್ನದು ಅಂಥ ಮುಖ. ಸೆಕೆಂಡ್ ಕ್ಲಾಸ್. ಅದೇನು ದುರಂತ ಅಲ್ಲ, ಕೆಲಸ ಸಿಕ್ಕಿತು, ಲೋನ್ ತೀರುತ್ತಾ ಉಂಟು, ಶುಗರ್ ಕಂಟ್ರೋಲ್‌ನಲ್ಲಿ ಉಂಟು. ಆದರೆ ಈ ಊರಲ್ಲಿ ಬರೀ ಸಾದಾ ಆಗಿರುವವನ ಬಗ್ಗೆ ಒಂದು ಕತೆ ಹೇಳಿ ನೋಡುವ! "ಆಮೇಲೆ ಎಂಥ ಆದ?" ಅಂತ ಕೇಳುತ್ತಾರೆ. ಆಮೇಲೂ ಅವನೇ ಮಾರ್ರೆ.

ಗೇಮ್‌ನಲ್ಲೂ ನಾನು ಹಾಗೇ. ನಮ್ಮ ಕೇರಿಯಲ್ಲಿ ಟೀವಿ ಗೇಮ್ ಮೊದಲು ಬಂದದ್ದು ಗಲ್ಫ್‌ನಿಂದ ರಜೆಯಲ್ಲಿ ಬಂದವರ ಪೆಟ್ಟಿಗೆಯಲ್ಲಿ. ಕ್ಯಾಸೆಟ್ ಮೇಲೆ '9999 ಇನ್ 1' ಅಂತ ಇರುತ್ತಿತ್ತು. ಒಳಗೆ ನೋಡಿದರೆ ಬೆರಳೆಣಿಕೆಯ ಗೇಮ್, ಅವೇ ತಿರುತಿರುಗಿ. ಪರದೆ ಗಡಗಡ ಮಾಡಿದರೆ ಕ್ಯಾಸೆಟ್ ತೆಗೆದು ಬುಡಕ್ಕೆ ಉಫ್ ಅಂತ ಊದಿ ಮತ್ತೆ ಸಿಕ್ಕಿಸುವುದು. ಮಾರಿಯೋದಲ್ಲಿ ಮೊದಲು ಬಲಗಡೆಯಿಂದ ನಡೆದುಕೊಂಡು ಬರುತ್ತದಲ್ಲ, ಆ ಕಂದು ಅಣಬೆಯಂಥದ್ದು, ಅದಕ್ಕೆ ಆಯುಧವೂ ಇಲ್ಲ, ಹಾರಲೂ ಬರುವುದಿಲ್ಲ, ಸುಮ್ಮನೆ ನಡೆಯುತ್ತದೆ. ನಾನು ಸಾಯುತ್ತಿದ್ದದ್ದು ಅದಕ್ಕೇ. ಕಾಂಟ್ರಾ ಅಂತ ಇಬ್ಬರು ದಾಂಡಿಗರು ಗುಂಡು ಹಾರಿಸುತ್ತಾ ಓಡುವ ಗೇಮ್, ಅದರಲ್ಲಿ ಕಾಲ ಕೆಳಗೇ ಸೇತುವೆ ಸಿಡಿಯುವ ಜಾಗದಲ್ಲಿ ಗ್ಯಾರಂಟಿ ಒಂದು ಜೀವ. ಇರುವುದೇ ಮೂರು, ಗುಂಡೊಂದು ತಾಗಿದರೆ ಒಂದು ಹೋಯಿತು.

ಅದಕ್ಕೊಂದು ಮಂತ್ರ ಇತ್ತು, ನೆನಪುಂಟಾ? ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಮೂವತ್ತು ಜೀವ! ಆ ಕೋಡ್‌ನ ಕತೆ ಗೊತ್ತಾದ ದಿನ ನನಗೆ ಎಷ್ಟು ಸಮಾಧಾನ ಆಯಿತು ಹೇಳಲಿಕ್ಕಿಲ್ಲ. ಕೊನಾಮಿ ಅನ್ನುವ ಗೇಮ್ ಕಂಪನಿಯಲ್ಲಿದ್ದ ಕಝುಹಿಸಾ ಹಶಿಮೊಟೊ 1986ರಲ್ಲಿ 'ಗ್ರೇಡಿಯಸ್' ಗೇಮನ್ನು ಮನೆಯ ಟೀವಿಗೆ ಹೊಂದಿಸುತ್ತಾ ಇದ್ದರು. ಪರೀಕ್ಷೆ ಮಾಡಲು ಆಡಬೇಕಲ್ಲ, ಆಡಲು ಅವರಿಗೇ ಆಗುತ್ತಿರಲಿಲ್ಲ, ಅಷ್ಟು ಕಷ್ಟ. ಅದಕ್ಕೆ ತನಗಾಗಿ ಒಂದು ಒಳದಾರಿ ಮಾಡಿಕೊಂಡರು. ಅದೇ ಕೋಡ್ ಕಾಂಟ್ರಾಕ್ಕೂ ಬಂತು, ಲೋಕಪ್ರಸಿದ್ಧವಾಯಿತು. 2020ರಲ್ಲಿ ಅವರು ತೀರಿಕೊಂಡಾಗ ಎಲ್ಲಿಯ ಎಲ್ಲಿಯ ಗೇಮರ್‌ಗಳೋ ಆ ಬಟನ್‌ಗಳ ಸಾಲನ್ನೇ ಬರೆದು ಕೈಮುಗಿದರು. ನೋಡಿ, ಗೇಮ್ ಮಾಡುವವರಿಗೇ ಗೇಮ್ ಗೆಲ್ಲಲು ಬರುತ್ತಿರಲಿಲ್ಲ. ಮತ್ತೆ ಗೇಮ್ ಒಳಗೆ ಬಿದ್ದ ಹುಡುಗ ಮಾತ್ರ ಹತ್ತೇ ಕಂತಲ್ಲಿ ಹೇಗೆ ಸಾರ್ವಭೌಮ ಆಗುತ್ತಾನೆ?

"ಪವರ್ ಇಲ್ಲದವನ ಕತೆ ಯಾರಿಗೆ ಬೇಕು" ಅನ್ನುವುದು ಅಪ್ಪಟ ಸುಳ್ಳು. ಅದೂ ಈ ಜಿಲ್ಲೆಯಲ್ಲಿ. ಯಕ್ಷಗಾನದ ಹಾಸ್ಯಗಾರ ಯಾರು ಹಾಗಾದರೆ? ದೇವೇಂದ್ರ ಸಿಂಹಾಸನದ ಮೇಲೆ, ರಾಕ್ಷಸ ದೊಂದಿ ಹಿಡಿಸಿಕೊಂಡು ಸಭೆಯ ಹಿಂದಿನಿಂದ ಬೊಬ್ಬೆ ಹಾಕುತ್ತಾ ಬರುತ್ತಾನೆ. ನಡುವೆ ಒಬ್ಬ ದೂತ. ಅವನಿಗೆ ಕಿರೀಟ ಇಲ್ಲ, ವರ ಇಲ್ಲ, ಬಾಣ ಇಲ್ಲ. ಪುರಾಣದ ಲೋಕಕ್ಕೆ ಎಲ್ಲಿಂದಲೋ ಬಂದು ಬಿದ್ದವನ ಹಾಗೆ ನಿಂತಿರುತ್ತಾನೆ. ಬೇರೆಯವರೆಲ್ಲ ಗ್ರಂಥದ ಭಾಷೆ ಮಾತಾಡುವಾಗ ಇವನು ನಮ್ಮ ನಿಮ್ಮ ಮಾತಾಡುತ್ತಾನೆ. ಹೆದರಿದ್ದೇನೆ ಅಂತ ಎಲ್ಲರೆದುರು ಹೇಳುವ ಧೈರ್ಯ ಇರುವುದು ಅವನೊಬ್ಬನಿಗೇ. ಅಲ್ಲಿಯವರೆಗೆ ತೂಕಡಿಸುತ್ತಿದ್ದ ನನ್ನ ಅಜ್ಜಿ ಎದ್ದು ಕೂರುತ್ತಿದ್ದದ್ದು ಅವನಿಗಾಗಿ. ಬೆಳಗಾಗುವಾಗ ಅವನು ಲೆವೆಲ್ ಏರಿ ಮಹಿಷಾಸುರನನ್ನು ಕೊಂದನಾ? ಇಲ್ಲ. ದೂತನಾಗಿ ಬಂದ, ದೂತನಾಗಿ ಚೌಕಿಗೆ, ಅಂದರೆ ಬಣ್ಣದ ಮನೆಗೆ ಹೋದ. ಯಾರಾದರೂ "ಇವನನ್ನು ನೋಡುವುದು ಎಂಥಕ್ಕೆ" ಅಂದದ್ದುಂಟಾ?

ಅಕ್ಕನ ಮಗನಿಗೆ ಇದೆಲ್ಲ ಹೇಳಿದರೆ "ನೀವು ಬೂಮರ್ ಮಾಮ" ಅನ್ನುತ್ತಾನೆ. ಅನ್ನಲಿ. ಅವನು ಈಗ ಬೆಳಿಗ್ಗೆ ಆರಕ್ಕೆ ಟ್ಯೂಷನ್, ಆಮೇಲೆ ಕಾಲೇಜು, ಆಮೇಲೆ ನೀಟ್ ಕೋಚಿಂಗ್, ರಾತ್ರಿ ಒಂಬತ್ತಕ್ಕೆ ಮನೆ. ಅವನ ಬದುಕಲ್ಲೇ ಒಂದು ಸಿಸ್ಟಮ್ ಕೂತು ಅಂಕ ತೋರಿಸುತ್ತಾ ಉಂಟು. ಬಿಡುವಿನ ಅರ್ಧ ಗಂಟೆಯಲ್ಲಿ ಓದುವ ಕತೆಯಲ್ಲೂ ಲೆವೆಲ್ಲೇ. ಇದಕ್ಕೆ ಮಾತ್ರ ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ, ಬೇರೆಯವರ ಮೇಲೆ ಬರುತ್ತದೆ. ಅಕ್ಕ ಈ ಪೋಸ್ಟ್ ಓದುತ್ತಾಳೆ, ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ.

ಒಂದು ಆಸೆ ಮಾತ್ರ ಹೇಳಿಬಿಡುತ್ತೇನೆ. ಇಂಥದ್ದೊಂದು ಕಾಮಿಕ್ಸ್ ಕನ್ನಡದಲ್ಲಿ ಬರಬೇಕು. ನಾಯಕ ಕಾವೂರಿನವನು, ಯಾವುದೋ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಹಳೆಯ ಕ್ಯಾಸೆಟ್ ಊದುವಾಗ ಒಳಗೆ ಬೀಳುತ್ತಾನೆ. ಕಣ್ಣು ಬಿಟ್ಟರೆ ಕಾಡು, ನಾಲ್ಕೂ ಕಡೆಯಿಂದ ಗುಂಡು. ಅಂಗಿ ಬಿಚ್ಚಿದ ದಾಂಡಿಗರಿಬ್ಬರು ಬಂದೂಕು ಹಿಡಿದು ಓಡುತ್ತಾ ಇದ್ದಾರೆ. ಇವನು ಕೈ ಅಡ್ಡ ಮಾಡಿ ನಿಲ್ಲಿಸಿ ಕೇಳುತ್ತಾನೆ: "ಅಣ್ಣ, ಇಲ್ಲಿಂದ ಮಂಗಳೂರು ಸ್ಟೇಟ್‌ಬ್ಯಾಂಕಿಗೆ ಬಸ್ ಉಂಟಾ?" ನೂರು ಪುಟ ಆದ ಮೇಲೂ ಅವನು ಬಸ್ಸೇ ಹುಡುಕುತ್ತಾ ಇರಬೇಕು. ನಡುವೆ ಆ ದಾಂಡಿಗರಿಗೆ ಗಂಜಿ, ಉಪ್ಪಿನಕಾಯಿ ಅಭ್ಯಾಸ ಮಾಡಿಸಿದರೂ ಸಾಕು. ಗುಂಡು ಎಷ್ಟು ಖರ್ಚಾಯಿತು ಅಂತ ಸಂಜೆ ಲೆಕ್ಕ ಕೇಳಿದರಂತೂ ಭಾರೀ ಗಮ್ಮತ್ತು.

ಚಿತ್ರ ಬರೆಯುವವರು ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಮಾತು ನಾನು ಬರೆಯುತ್ತೇನೆ. ದುಡ್ಡು ಇಲ್ಲ, ಈಗಲೇ ಹೇಳಿದ್ದೇನೆ. ಶನಿವಾರ ಮಧ್ಯಾಹ್ನದ ಮೇಲೆ ನಾನು ಫ್ರೀ.