ಸತ್ಯಾಂಶ: ‘ನೂರಕ್ಕೆ ಇಬ್ಬರೇ ತೆರಿಗೆ ಕಟ್ಟುವವರು’ ನಿಜವೇ?

‘ನೂರಕ್ಕೆ ಇಬ್ಬರು ತೆರಿಗೆ ಕಟ್ಟುತ್ತಾರೆ, ಉಳಿದವರದು ಬಿಟ್ಟಿ ಕೂಳು’ ಎಂಬ ಸಂದೇಶ ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಸರ್ಕಾರದ ಕೈ ಎಷ್ಟು ಉದ್ದ ಇರಬೇಕೆಂದು ಸಮಾಜವಾದಿಗಳೂ ಮುಕ್ತ ಮಾರುಕಟ್ಟೆಯವರೂ ಧಾರಾಳವಾಗಿ ಜಗಳವಾಡಲಿ. ಈ ಲೆಕ್ಕ ಮಾತ್ರ ತಪ್ಪು. ಇದರಲ್ಲಿ ಎಣಿಸಿರುವುದು ಬರೀ ಆದಾಯ ತೆರಿಗೆ.

ಮಾಟುಂಗಾದ ಹೋಟೆಲ್ ಮಾಣಿಗೆ ತಿಂಗಳಿಗೆ 15,000 ರೂಪಾಯಿ ಸಂಬಳ ಎನ್ನಿ. ಆದಾಯ ತೆರಿಗೆ ಸೊನ್ನೆ. ಆದರೆ ಮಹಾರಾಷ್ಟ್ರದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300, ವರ್ಷಕ್ಕೆ 2,500. (ಹೆಂಗಸರಿಗೆ 25,000ದವರೆಗೆ ವಿನಾಯಿತಿ.) ಅವನ 11,800ರ ಮೊಬೈಲಿನಲ್ಲಿ 1,800 ಜಿಎಸ್‌ಟಿ. ಹಲವರು ಎಡವುವುದು ಇಲ್ಲೇ: 11,800ಕ್ಕೆ ಶೇ 18 ಹಾಕಿ 2,124 ಎನ್ನುತ್ತಾರೆ. ನೂರರ ಮಾಲಿಗೆ 18 ತೆರಿಗೆ ಸೇರಿ 118 ಆಗುತ್ತದೆ; ಹಾಗಾಗಿ ತೆರಿಗೆ ಸೇರಿದ ಬೆಲೆಯನ್ನು 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. ಪೆಟ್ರೋಲಿಗೆ ಜಿಎಸ್‌ಟಿ ಇಲ್ಲ, ನಿಜ. ಅಬಕಾರಿ ಸುಂಕ, ವ್ಯಾಟ್ ಎರಡೂ ಇವೆ.